ಕಣಜದ ಬೀಜ, ಹೊಳೆಯ ಮೀನು



ಇತ್ತೀಚೆಗೆ ಭಾನುವಾರದ ಪೂಜೆ ಮುಗಿದ ಮೇಲೆ ಯುವಕನೊಬ್ಬ ನಮ್ಮನ್ನು ತನ್ನ ಮನೆಗೆ ಕರೆದೊಯ್ದ. ಜಗಲಿಯಲ್ಲಿ ಗಾಜಿನ ತೊಟ್ಟಿ, ಅದರೊಳಗೆ ಬಣ್ಣದ ಮೀನುಗಳು. "ಅಳಿಯುತ್ತಿರುವ ನಮ್ಮ ಹೊಳೆಯ ಮೀನನ್ನೂ ಹೀಗೆ ಸಾಕಿ ಮರಿ ಮಾಡಿಸಿದರೆ ಉಳಿಸಿದಂತಾಗದೇ ಫಾದರ್?" ಎಂದು ಕೇಳಿದ. ಅಂದು ಅರ್ಧ ಉತ್ತರ ಕೊಟ್ಟು ಬಂದೆವು. ಉಳಿದರ್ಧ ಇಲ್ಲಿದೆ.

ಅವನು ಹೇಳಿದ್ದು 'ಮಿಸ್ ಕೇರಳ' ಎಂಬ ಮೀನು. ಬೆಳ್ಳಿ ಮೈ, ಕರಿಗೆರೆ, ಅದರ ಮೇಲೊಂದು ಕೆಂಪುಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಇದನ್ನು ಮೊದಲು ವರ್ಣಿಸಿದರು. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಇದರ ವಾಸ; ನಮ್ಮ ಚಂದ್ರಗಿರಿಯೂ ಅವುಗಳಲ್ಲೊಂದು. 1990ರ ದಶಕದ ಕೊನೆಯಿಂದ ವಿದೇಶದ ಗಾಜಿನ ತೊಟ್ಟಿಗಳಿಗಾಗಿ ಇದನ್ನು ಹೇರಳವಾಗಿ ಹಿಡಿಯಲಾಯಿತು. ಇಂದು ಇದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿದೆ. 2008ರಲ್ಲಿ ಕೇರಳ ಸರಕಾರ ವರ್ಷದ ಕೆಲವು ತಿಂಗಳು ಹಿಡಿಯಬಾರದೆಂದಿತು. ಆದರೆ ಆ ತಿಂಗಳುಗಳು ಮೀನು ಮೊಟ್ಟೆಯಿಡುವ ಕಾಲಕ್ಕೆ ಸರಿಯಾಗಿ ಹೊಂದಲಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು.

ಹಾರ್ಮೋನ್ ಚುಚ್ಚುಮದ್ದಿನಿಂದ ಇದನ್ನು ಮರಿ ಮಾಡಿಸುವ ವಿಧಾನ ಈಗ ತಿಳಿದಿದೆ. ಸಾಕಿದ ಮೀನು ಪೇಟೆಗೆ ಬಂದಷ್ಟೂ ಹೊಳೆಯ ಮೀನಿಗೆ ಬಲೆ ಬೀಸುವುದು ಕಡಿಮೆಯಾದೀತು. ಇಷ್ಟರಮಟ್ಟಿಗೆ ಯುವಕನ ಮಾತು ಸರಿ.

ಮೆಕ್ಸಿಕೋ ದೇಶದ ಟಕೀಲಾ ಮೀನಿನ ಕಥೆ ಕೇಳಿ. ಅದು ತನ್ನ ಹೊಳೆಯಿಂದ ಪೂರ್ತಿ ಮಾಯವಾಗಿತ್ತು. 1998ರಲ್ಲಿ ಇಂಗ್ಲೆಂಡಿನಿಂದ ಐದು ಜೊತೆ ಸಾಕುಮೀನು ಅಲ್ಲಿನ ವಿಶ್ವವಿದ್ಯಾಲಯವೊಂದಕ್ಕೆ ಬಂದವು. ಅವುಗಳ ಸಂತತಿಯನ್ನು ಮೊದಲು ಕೆರೆಗಳಲ್ಲಿ ಬಿಟ್ಟು, ಶತ್ರುಗಳನ್ನೂ ರೋಗವನ್ನೂ ಎದುರಿಸಲು ಕಲಿಸಿ, ಊರವರನ್ನು ಜೊತೆಗೂಡಿಸಿಕೊಂಡು, ಆಮೇಲೆ ಹೊಳೆಗೆ ಬಿಟ್ಟರು. ಮೀನು ಅಲ್ಲಿ ಮತ್ತೆ ನೆಲೆಯೂರಿತು.

ಥೈಲ್ಯಾಂಡಿನ ಕೆಂಪು ಬಾಲದ 'ಶಾರ್ಕ್' ಮೀನಿನ ಕಥೆ ಬೇರೆ. ಲೋಕದ ತೊಟ್ಟಿಗಳಲ್ಲೆಲ್ಲ ಅದು ಬೇಕಾದಷ್ಟಿದೆ. ಸ್ವಂತ ಹೊಳೆಯಲ್ಲಿ ಮಾತ್ರ ತೀರ ಅಪರೂಪ. ಸಾಕಿದ್ದರಿಂದಲೇ ಹೊಳೆಯಲ್ಲಿ ಉಳಿಯಲಿಲ್ಲ.

ಕೃಷಿಕರಾದ ನಿಮಗೆ ಇದು ಅರ್ಥವಾಗದ ಮಾತಲ್ಲ. ಕಣಜದಲ್ಲಿ ಬೀಜವಿದ್ದರೆ ಸಾಲದು, ಗದ್ದೆಯೂ ಬೇಕು. ಒಂದೇ ಹೋರಿಯಿಂದ ತಲೆತಲಾಂತರ ಕರು ಹಾಕಿಸಿದರೆ ತಳಿ ಸೊರಗುತ್ತದೆ. ನಾಲ್ಕು ಮೀನಿನ ಸಂತತಿಯೂ ಹಾಗೆಯೇ. ಬೇರೆ ಬೇರೆ ಹೊಳೆಯ ಮೀನನ್ನು ಬೆರೆಸಿದರೆ ಆಯಾ ಹೊಳೆಯ ತಳಿ ಕೆಡುತ್ತದೆ. ತೊಟ್ಟಿಯ ಮೀನನ್ನು ಕರುಣೆಯಿಂದ ಹೊಳೆಗೆ ಬಿಟ್ಟರೆ ಅದರ ರೋಗವನ್ನೂ ಜೊತೆಗೇ ಬಿಟ್ಟಂತೆ.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು: ಹವ್ಯಾಸಿಗಳು ಸಾಕಲಿ. ಆದರೆ ಅರಣ್ಯ ಮತ್ತು ಮೀನುಗಾರಿಕಾ ಇಲಾಖೆಯನ್ನು ಕೇಳದೆ ಹೊಳೆಯಿಂದ ಹಿಡಿಯುವುದೂ ಬೇಡ, ಹೊಳೆಗೆ ಬಿಡುವುದೂ ಬೇಡ. ಯಾವ ಹೊಳೆಯ ಮೀನು, ಯಾವುದರ ಮರಿ ಎಂದು ಪುಸ್ತಕದಲ್ಲಿ ಬರೆದಿಡಲಿ.

ಇನ್ನು ತೊಟ್ಟಿಯಿಲ್ಲದ ನಾವೆಲ್ಲ ಮಾಡಬೇಕಾದ ಕೆಲಸವೊಂದಿದೆ. 2000ದವರೆಗೆ ನಮ್ಮ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಮೀನಿಗೆ ಕಡು ವಿಷ. ಮನುಷ್ಯರು ಪಟ್ಟ ಪಾಡನ್ನು ನಾವು ಕಂಡಿದ್ದೇವೆ. ಅದನ್ನು ಮಾಡಿದವರು ಬೇರೆಯವರು ಎನ್ನಬಹುದು. ಆದರೆ ಬೇಸಿಗೆಯಲ್ಲಿ ಹೊಳೆ ಬತ್ತಿ, ಉಳಿದ ಮೀನೆಲ್ಲ ಒಂದೇ ಕಯದಲ್ಲಿ ಸೇರಿದಾಗ ಅಲ್ಲಿಗೆ ನಂಜು ಹಾಕುವವರು, ತೋಟೆ ಸಿಡಿಸುವವರು ಯಾರು? ಅಡಿಕೆಗೆ ಮದ್ದು ಬಿಟ್ಟು ಡ್ರಮ್ಮನ್ನು ತೋಡಿನಲ್ಲಿ ತೊಳೆಯುವವರು ಯಾರು? ಮೈಲುತುತ್ತಿನ ನೀರು ಮೀನಿಗೆ ಮಾರಕ.

ಈ ಬೇಸಿಗೆ ನಿಮ್ಮ ಜಾಗದ ಪಕ್ಕದ ಒಂದು ಕಯವನ್ನಾದರೂ ಕಾಯಿರಿ. ಯುವಕನ ತೊಟ್ಟಿಯ ಮರಿಗಳಿಗೆ ಮುಂದೊಂದು ದಿನ ಹಿಂತಿರುಗಲು ಮನೆಯೊಂದು ಉಳಿದಿರಲಿ.