ತಂತಿ ಯಾರದ್ದು? | ಸಹಕಾರದ ಕಥೆಗಳು – 7

ಕೇಬಲ್ ಟಿವಿ ಅಂದ್ರೆ ನಮಗೆ ನೆನಪಾಗೋದು ತಿಂಗಳಿಗೊಮ್ಮೆ ದುಡ್ಡು ಕೇಳೋಕೆ ಬರೋ ಹುಡುಗ. ಆದ್ರೆ ಅಮೆರಿಕದ ಎಷ್ಟೋ ಹಳ್ಳಿಗಳಲ್ಲಿ ಕೇಬಲ್ಲಿಗೆ ಊರಿನವರೇ ಮಾಲೀಕರು. ನಮ್ಮ ಹಾಲಿನ ಡೈರಿ ಇದ್ದ ಹಾಗೆ!

ಕಥೆ ಶುರುವಾಗೋದು ಕರೆಂಟಿನಿಂದ. 1930ರ ದಶಕದ ಮಧ್ಯದಲ್ಲಿ ಅಲ್ಲಿ ಹತ್ತು ರೈತರ ಮನೆಗಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ದೂರ ದೂರದ ಮನೆಗಳಿಗೆ ಕಂಬ ನೆಟ್ರೆ ಗಿಟ್ಟಲ್ಲ ಅಂತ ಕಂಪನಿಗಳು ಕೈಚೆಲ್ಲಿದ್ವು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೇ ಒಂದು ಸಂಸ್ಥೆ ತೆರೆದು ಕಡಿಮೆ ಬಡ್ಡಿಗೆ ಸಾಲ ಕೊಡ್ತು. ರೈತರು ಸಂಘ ಕಟ್ಟಿ ತಾವೇ ತಂತಿ ಎಳೆದರು. 1949ರಲ್ಲಿ ಇದೇ ಸಾಲ ಟೆಲಿಫೋನಿಗೂ ಸಿಕ್ತು. ಮುಂದೆ ಆ ಟೆಲಿಫೋನ್ ಸಂಘಗಳಲ್ಲಿ ಹಲವು ಕೇಬಲ್ ಟಿವಿಯನ್ನೂ ಕೊಟ್ಟವು.

ಈಗ ಅವುಗಳಲ್ಲಿ ಕೆಲವು ಟಿವಿ ಸೇವೆಯನ್ನೇ ನಿಲ್ಲಿಸಿವೆ. ಜನ ಮೊಬೈಲಿಗೆ ಹೋದರು ಅನ್ನೋದೊಂದೇ ಕಾರಣ ಅಲ್ಲ. 1948ರ ಸುಮಾರಿಗೆ ಅಲ್ಲಿ ಕೇಬಲ್ ಹುಟ್ಟಿದ್ದೇ ಬೆಟ್ಟದ ಮರೆಯ ಊರುಗಳಿಗೆ ಗಾಳಿಯಲ್ಲಿ ಪುಕ್ಕಟೆ ಬರೋ ಸಿಗ್ನಲ್ ಮುಟ್ಟಿಸೋಕೆ. 1992ರ ಕಾನೂನು ಆ ಸಿಗ್ನಲ್ಲಿಗೂ ದುಡ್ಡು ಕೇಳೋ ಹಕ್ಕನ್ನ ಟಿವಿ ಸ್ಟೇಷನ್ನುಗಳಿಗೆ ಕೊಡ್ತು. ಸಾವಿರ ಮನೆಯ ಸಂಘ ದೊಡ್ಡ ಚಾನೆಲ್ ಮುಂದೆ ಏನು ಚೌಕಾಸಿ ಮಾಡೀತು? ಸಣ್ಣ ಆಪರೇಟರುಗಳು 1984ರಲ್ಲೇ ಒಟ್ಟಾಗಿ ಚಾನೆಲ್ ಖರೀದಿಗೆ ಅಂತ ಒಕ್ಕೂಟ ಮಾಡ್ಕೊಂಡಿದ್ರು. ಆದರೂ ದರ ಏರ್ತಾನೇ ಹೋಯ್ತು.

ಇದನ್ನ ಸಹಕಾರದ ಸೋಲು ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಟಿವಿ ನಿಂತಾಗ ವಯಸ್ಸಾದವರಿಗೆ ತೊಂದರೆ ಆಗಿದ್ದು ನಿಜ. ಆದ್ರೆ ಚಾನೆಲ್ ಹೋದರೂ ಊರಿನ ತಂತಿ ಊರಲ್ಲೇ ಉಳೀತು. ದೊಡ್ಡ ಕಂಪನಿಗಳು ತಿರುಗಿ ನೋಡದ ಹಳ್ಳಿಗಳಿಗೆ ಇಂಥ ಸಂಘಗಳೇ ಇವತ್ತು ಫೈಬರ್ ಇಂಟರ್ನೆಟ್ ಎಳೀತಿವೆ. ಯಾವ ಸೇವೆ ಇರಲಿ, ಯಾವುದು ಬೇಡ ಅಂತ ತೀರ್ಮಾನಿಸೋದು ಸದಸ್ಯರೇ ಆರಿಸಿದ ಮಂಡಳಿ. ಎಕರೆ ಎಷ್ಟಿದ್ರೂ ಒಬ್ಬರಿಗೆ ಒಂದೇ ವೋಟು.

ಈ ಬೀಜ ನಮ್ಮ ನೆಲಕ್ಕೂ ಬಿದ್ದಿದೆ. ಅಮೆರಿಕದ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ 1960ರ ದಶಕದ ಕೊನೆಗೆ ಭಾರತದಲ್ಲಿ ಐದು ಕಡೆ ಪ್ರಯೋಗ ನಡೀತು. ಅದರಲ್ಲೊಂದು ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಇನ್ನು ಸಹಕಾರ ಅನ್ನೋದಂತೂ ನಮಗೆ ಹೊಸದೇ ಅಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಕಟ್ಟಿದ ಜನ ನಾವು.

ಆದರೆ 90ರ ದಶಕದಲ್ಲಿ ಕೇಬಲ್ ಬಂದಾಗ ನಾವು ಹೆಚ್ಚಿನ ಕಡೆ ಬರೀ ಗಿರಾಕಿಗಳಾದ್ವಿ, ಸದಸ್ಯರಾಗಲಿಲ್ಲ. ದರ ಏರಿದಾಗ ಗೊಣಗೋದು ಬಿಟ್ರೆ ನಮ್ಮ ಕೈಲಿ ಏನೂ ಇರಲಿಲ್ಲ. ಈಗ ಹಳ್ಳಿಗಳಿಗೆ ಫೈಬರ್ ಬರ್ತಿದೆ. ಹಾಲಿಗೆ ಸಂಘ ಇದೆ, ಸಾಲಕ್ಕೆ ಸೊಸೈಟಿ ಇದೆ. ಈ ತಂತಿಗೂ ಒಂದು ಯಾಕಾಗಬಾರದು?

ನಿಮ್ಮೂರಲ್ಲಿ ಕೇಬಲ್ ಯಾರದ್ದಿತ್ತು? ಕಮೆಂಟಲ್ಲಿ ಬರೀರಿ.

#ಸಹಕಾರದಕಥೆಗಳು #ಹುಕ್ಕೇರಿ #ಕೇಬಲ್‌ಟಿವಿ