ವಿಂಡೋಸ್ 10 ಇರುವ ಕಂಪ್ಯೂಟರ್ ನಿಜಕ್ಕೂ ನಿಂತುಹೋಗುತ್ತದೆಯೇ?

ವಿಂಡೋಸ್ 10 ಕಥೆ ಮುಗಿಯಿತು, ನಿಮ್ಮ ಕಂಪ್ಯೂಟರ್ ಇನ್ನು ಆನ್ ಆಗುವುದಿಲ್ಲ, ತಕ್ಷಣ ಈ ಲಿಂಕ್ ಒತ್ತಿ ವಿಂಡೋಸ್ 11 ಹಾಕಿಕೊಳ್ಳಿ ಎನ್ನುವ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಅರೆಪಾವು ನಿಜ, ಉಳಿದದ್ದು ಹೆದರಿಕೆ. ಆ ಲಿಂಕನ್ನಂತೂ ಒತ್ತಲೇಬೇಡಿ.

2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡದ್ದು ನಿಜ. ಆದರೆ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಫೈಲುಗಳೂ ಇದ್ದಲ್ಲೇ ಇರುತ್ತವೆ. ನಿಂತಿರುವುದು ತಿಂಗಳು ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್.

ಹಾಗಾದರೆ ಸುಮ್ಮನಿರಬಹುದೇ? ಬೇಡ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಕೆಟ್ಟಿತು. ಅದು ನುಗ್ಗಿದ ಕಿಂಡಿಗೆ ತೇಪೆ ಎರಡು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ನಿಂತ ಕಂಪ್ಯೂಟರ್‌ಗೆ ಅಂಥ ತೇಪೆಯೇ ಬರುವುದಿಲ್ಲ.

ಆದರೂ ಇವತ್ತೇ ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ. ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯಿದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಇದು ಉಚಿತ. ಸೇರಿಕೊಳ್ಳುವ ಕೊಂಡಿ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸಿಗುತ್ತದೆ.

ವಿಂಡೋಸ್ 11 ಕೂಡ, ಅಸಲಿ ವಿಂಡೋಸ್ 10 ಇದ್ದವರಿಗೆ, ಉಚಿತವೇ. ಆದರೆ ಎಲ್ಲ ಯಂತ್ರಕ್ಕೂ ಕೂರುವುದಿಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಆನಂತರದ ಪ್ರೊಸೆಸರ್ ಇರಬೇಕು. ನಿಮ್ಮದು ಆಗುತ್ತದೋ ಇಲ್ಲವೋ ಎಂಬುದನ್ನು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಆ್ಯಪ್ ಹೇಳುತ್ತದೆ. ಆಗದ ಯಂತ್ರಕ್ಕೂ ಹಾಕಿಕೊಡುತ್ತೇವೆ ಎನ್ನುವ ವಿಡಿಯೊಗಳು ಬೇಕಾದಷ್ಟಿವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಇಷ್ಟೆಲ್ಲ ಮಾಡುತ್ತಿರುವಾಗ ಅದಕ್ಕೇನು ಅರ್ಥ? ಕ್ರ್ಯಾಕ್ ಮಾಡಿದ ಪ್ರತಿಯಂತೂ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ.

ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಒಳ್ಳೆಯ ದಾರಿ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ಬ್ರೌಸರ್, ಸಿನಿಮಾ, ಪತ್ರ ಬರೆಯುವುದಕ್ಕೆ ಧಾರಾಳ ಸಾಕು. ಟ್ಯಾಲಿ ನಂಬಿ ಅಂಗಡಿಯ ಲೆಕ್ಕ ಇಡುವವರಿಗೆ ಸರಿಬರುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಬ್ಯಾಕಪ್. ಜನ ಕಳೆದುಕೊಳ್ಳುವುದು ಇಲ್ಲೇ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ, ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಭಾಗಗಳು. ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ನಾಲ್ಕಾರು ಫೋಟೊಗಳನ್ನು ಅದರಿಂದಲೇ ತೆರೆದು ನೋಡಿ, ಆಮೇಲೆ ವೈರ್ ತೆಗೆದು ಎತ್ತಿಡಿ. ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಡಿಸ್ಕ್ ಲಾಕ್ ಆದರೆ ಒಳಗಿನದು ಮೈಕ್ರೋಸಾಫ್ಟ್‌ನವರಿಗೂ ಸಿಗದು.

ಕನ್ನಡಿಗರಿಗೆ ಇನ್ನೊಂದು ವಿಷಯ. ನುಡಿ, ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ ಪತ್ರ, ವಂಶಾವಳಿ, ಭಜನೆ ಪುಸ್ತಕಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫಾಂಟ್ ಸಾಮಾನ್ಯವಾಗಿ ಉಳಿಯುತ್ತದೆ. ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡಿದರೆ ಹೋಯಿತು. ಫಾಂಟ್ ಫೈಲುಗಳನ್ನೂ ಬ್ಯಾಕಪ್‌ಗೆ ಸೇರಿಸಿ.

ಅಪ್‌ಗ್ರೇಡ್ ಆದ ಮೇಲೆ ಪ್ರಿಂಟರ್, ಸ್ಕ್ಯಾನರ್, ಬ್ಯಾಂಕ್ ಕೆಲಸ ಎಲ್ಲವನ್ನೂ ಆ ವಾರದಲ್ಲೇ ಪರೀಕ್ಷಿಸಿ. ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ವಿಂಡೋಸ್ 10ಕ್ಕೆ ಮರಳಬಹುದು. ಅದಕ್ಕಿರುವ ಕಾಲಾವಕಾಶ 10 ದಿನ ಮಾತ್ರ.