ನೂರು ರೂಪಾಯಿಯ ರಸೀದಿ



ಎಸ್ಟೇಟ್ ಲೈನಿನಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರು ಮನೆತೆರಿಗೆಯ ರಸೀದಿಯನ್ನು ಕಣ್ಣಾರೆ ಕಂಡವರಲ್ಲ. ಮನೆ ಧಣಿಗಳದು, ನಲ್ಲಿಯೂ ಧಣಿಗಳದೇ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಮನೆ, ನೀರು, ಔಷಧಗಳ ಹೊರೆಯನ್ನು ತೋಟದ ಒಡೆಯರ ಮೇಲೆ ಹೊರಿಸಿತು. ನೀರು ಬಾರದಿದ್ದರೆ ರೈಟರನ್ನು ಕೇಳಿದೆವೇ ಹೊರತು ಪುರಸಭೆಯ ಬಾಗಿಲಿಗೆ ಹೋದವರಲ್ಲ. ಆದರೆ ಕೆಲಸ ಮುಗಿದ ಮೇಲೆ ಲೈನಿನ ಕೋಣೆಯ ಬೀಗದ ಕೈ ಹಿಂದಕ್ಕೆ ಕೊಡಬೇಕು. ಗ್ರಾಚ್ಯುಟಿ, ಪಿ.ಎಫ್. ಹಣವನ್ನು ಕೂಡಿಸಿ ಪೇಟೆಯ ಅಂಚಿನಲ್ಲಿ ಒಂದು ತುಂಡು ಜಾಗ ಕೊಂಡರೆ, ಅಂದಿನಿಂದ ನಾವೂ ತೆರಿಗೆದಾರರು. ಈ ಪತ್ರಿಕೆಯಲ್ಲಿ ತೆರಿಗೆಯ ಮಾತೇಕೆ ಎಂದು ಕೇಳುವವರಿಗೆ ಇಷ್ಟೇ ಉತ್ತರ.

ರಾಯಚೂರಿನಿಂದ ಕೃಷ್ಣೆ ದಾಟಿ ಮಹಬೂಬನಗರದ ಹಾದಿ ಹಿಡಿದರೆ ಮಕ್ತಲ್ ಸಿಕ್ಕುತ್ತದೆ. ಆ ಸೀಮೆಯಲ್ಲೇ ನೇಕಾರರ ನಾರಾಯಣಪೇಟೆ. ಹೊಳೆಯ ಆಚೆಗೆ ಜರಿಸೀರೆಯ ಗದ್ವಾಲ್. ಗಡಿಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಮನೆತೆರಿಗೆಗೆ ಅಲ್ಲಿ ‘ಇಂಟಿ ಪನ್ನು’ ಎನ್ನುತ್ತಾರೆ. ಈ ಪಾಲಮೂರು ಸೀಮೆಯ ಕೂಲಿಯವರು ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡ ಕಟ್ಟಿದವರು. ಊರಿಗೆ ಮರಳಿದಾಗ ಅವರಿಗೂ ನಮ್ಮ ಹಾಗೆ ಬೇಕಾದದ್ದು ಒಂದು ಚಿಕ್ಕ ಮನೆ, ಒಂದು ನಲ್ಲಿ.

2019ರಲ್ಲಿ ತೆಲಂಗಾಣ ಸರಕಾರವು ಹೊಸ ಪುರಸಭೆ ಕಾಯಿದೆಯನ್ನು ತಂದಿತು. 75 ಚದರ ಗಜದೊಳಗಿನ ಜಾಗದಲ್ಲಿ ನೆಲ ಅಂತಸ್ತಿನ ಮೇಲೆ ಇನ್ನೊಂದೇ ಅಂತಸ್ತಿನವರೆಗೆ ಮನೆ ಕಟ್ಟಿಕೊಂಡವರಿಗೆ ವರ್ಷಕ್ಕೆ 100 ರೂಪಾಯಿ ಮಾತ್ರ ತೆರಿಗೆ. 75 ಚದರ ಗಜವೆಂದರೆ 25 ಅಡಿ ಅಗಲ, 27 ಅಡಿ ಉದ್ದ. ಕಟ್ಟುವುದಕ್ಕೆ ಪರವಾನಗಿ ಬೇಡ, ಒಂದು ರೂಪಾಯಿ ಕೊಟ್ಟು ನೋಂದಾಯಿಸಿದರೆ ಸಾಕು. ಅಳತೆಯನ್ನು ಮನೆಯವರೇ ಬರೆದು ಕೊಡಬೇಕು. ಸುಳ್ಳು ಬರೆದರೆ ತೆರಿಗೆಯ 25 ಪಟ್ಟು ದಂಡ. (ಸುಂಕದ ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡಲು ಒಪ್ಪಿದನು. ಹೈದರಾಬಾದಿನವರು ಅವನಿಗಿಂತ ಬಿಗಿ.) ಬಡವರ ಮನೆಗೆ ಮಾಡಿದ ಈ ಉಪಕಾರವನ್ನು ನಾವು ಮನಸಾರೆ ಒಪ್ಪುತ್ತೇವೆ. ಆ 100 ರೂಪಾಯಿ ಹಾಗೆಯೇ ಇರಲಿ.

ನಮ್ಮ ತಕರಾರು ಬೇರೆಯದು. ಮರುವರ್ಷ, 2020ರ ನವೆಂಬರಿನಲ್ಲಿ, ಹೈದರಾಬಾದ್ ಮಹಾನಗರದ ಚುನಾವಣೆಗೆ ಕೆಲವೇ ವಾರ ಮುಂಚೆ ದೀಪಾವಳಿಯ ಕೊಡುಗೆ ಎಂದು ಮನೆತೆರಿಗೆಯಲ್ಲಿ ಅರ್ಧ ಮಾಫಿ ಸಾರಲಾಯಿತು. ಮಹಾನಗರದಲ್ಲಿ 15,000 ರೂಪಾಯಿವರೆಗೆ ತೆರಿಗೆ ಕಟ್ಟುವವರಿಗೆ, ಉಳಿದ ಊರುಗಳಲ್ಲಿ 10,000ದವರೆಗೆ ಕಟ್ಟುವವರಿಗೆ. ಲೆಕ್ಕ ಹಾಕಿರಿ: 100 ರೂಪಾಯಿಯ ಮನೆಗೆ ಉಳಿದದ್ದು 50, 10,000ದ ಬಂಗಲೆಗೆ ಉಳಿದದ್ದು 5,000. ಮಾತು ಬಡವರ ಹೆಸರಿನಲ್ಲಿ, ಗಂಟು ಬಂಗಲೆಯವರಿಗೆ. ಮಕ್ತಲಿನ ತೆರಿಗೆಯನ್ನು ಎಷ್ಟು ಬಿಡಬೇಕೆಂದು ಗೊತ್ತುಮಾಡಿದ್ದು ಮಕ್ತಲಿನ ಪುರಸಭೆಯಲ್ಲ, ರಾಜಧಾನಿ.

ಇದಕ್ಕೆ ಸಂವಿಧಾನದಲ್ಲೇ ದಾರಿಯಿದೆ. ಪುರಸಭೆಗಳಿಗೆ ಬಲ ಕೊಟ್ಟ 74ನೆಯ ತಿದ್ದುಪಡಿ 1993ರ ಜೂನಿನಲ್ಲಿ ಜಾರಿಗೆ ಬಂತು. ಆದರೆ ಯಾವ ತೆರಿಗೆ, ಯಾವ ಮಿತಿಯೊಳಗೆ ಎಂಬುದನ್ನು ರಾಜ್ಯದ ಶಾಸನಸಭೆಯ ಕೈಗೆ ಬಿಟ್ಟಿತು. ಆಮೇಲೆ ದಿಲ್ಲಿಯ 15ನೆಯ ಹಣಕಾಸು ಆಯೋಗ ಬಂದು, ಮನೆತೆರಿಗೆಗೆ ಕನಿಷ್ಠ ದರ ಗೊತ್ತುಮಾಡಿ ವಸೂಲಿ ಹೆಚ್ಚಿಸಿದರೆ ಮಾತ್ರ ಊರುಗಳಿಗೆ ಅನುದಾನ ಎಂದಿತು. ಮೇಲಿನವನೊಬ್ಬ ಏರಿಸೆನ್ನುತ್ತಾನೆ, ಇನ್ನೊಬ್ಬ ಇಳಿಸೆನ್ನುತ್ತಾನೆ. ನಡುವೆ ನಿಂತ ಪುರಸಭೆಯ ಸದಸ್ಯನು ಮುರಿದ ಬೋರ್‌ವೆಲ್ಲಿನ ಮುಂದೆ ಬೈಗಳು ತಿನ್ನುತ್ತಾನೆ.

ತೆರಿಗೆಗೆ ಕಟ್ಟು ಹಾಕಿದರೆ ಯಾರು ಬದುಕುತ್ತಾರೆಂಬುದಕ್ಕೆ ದೂರದ ಒಂದು ಊರಿನ ಸಂಗತಿಯನ್ನು ಹೇಳಬೇಕು. ಅಮೇರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಜನರು ತೆರಿಗೆಯ ಮೇಲೆ ನೇರವಾಗಿ ಮತ ಹಾಕುವ ಪದ್ಧತಿಯುಂಟು. 1978ರ ಜೂನ್ 6ರಂದು ಅವರು ಮತ ಹಾಕಿ, ಆಸ್ತಿತೆರಿಗೆಯು ಬೆಲೆಯ ನೂರಕ್ಕೆ 1ನ್ನು ಮೀರಕೂಡದು, ಆಸ್ತಿ ಕೈ ಬದಲಾಗುವ ತನಕ ಲೆಕ್ಕದ ಬೆಲೆ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರಕೂಡದು ಎಂದು ಗೊತ್ತುಮಾಡಿದರು. ಮುದುಕರು ತೆರಿಗೆ ಕಟ್ಟಲಾರದೆ ಮನೆ ಕಳಕೊಳ್ಳುವರೆಂಬ ಅಂಜಿಕೆ ಸುಳ್ಳಾಗಿರಲಿಲ್ಲ. ಆದರೆ ಅದೇ ಕೊಡೆಯ ಕೆಳಗೆ ದೊಡ್ಡ ಕಂಪೆನಿಗಳ ಜಮೀನೂ ಬಂದು ನಿಂತಿತು. ಹಣ ಸಾಲದೆ ಊರುಗಳು ಶುಲ್ಕಗಳತ್ತ, ಅಂಗಡಿಯ ಸಾಮಾನಿನ ಮೇಲಿನ ತೆರಿಗೆಯತ್ತ ತಿರುಗಿದವು. ಅದನ್ನು ಬಾಡಿಗೆ ಮನೆಯ ಕೂಲಿಯವನೂ ತೆರಬೇಕು. ಈ ಕಟ್ಟನ್ನು ಇನ್ನೂ ಬಿಗಿಮಾಡಲು ವ್ಯಾಪಾರಸ್ಥರ ಸಂಘಗಳು 2024ರಲ್ಲಿ ಮತ್ತೊಂದು ಮತಕ್ಕೆ ಸಿದ್ಧವಾದಾಗ ಅಲ್ಲಿಯ ನಗರಗಳೇ ಎದುರು ನಿಂತವು. ಆ ವರ್ಷದ ಜೂನ್ 20ರಂದು ರಾಜ್ಯದ ಶ್ರೇಷ್ಠ ನ್ಯಾಯಾಲಯವು ಅದನ್ನು ಮತಪತ್ರದಿಂದ ತೆಗೆಸಿತು.

ನಮ್ಮಲ್ಲಿಯೂ ಅಂಥದೊಂದು ಕಟ್ಟು ಯಾರ ಕಣ್ಣಿಗೂ ಬೀಳದಂತೆ ಕುಳಿತಿದೆ. ವೃತ್ತಿತೆರಿಗೆಗೆ ಸಂವಿಧಾನವು 1950ರಲ್ಲಿ ವರ್ಷಕ್ಕೆ 250 ರೂಪಾಯಿಯ ಮಿತಿ ಹಾಕಿತ್ತು. 1988ರಲ್ಲಿ ಅದು 2,500 ಆಯಿತು, ಅಲ್ಲಿಗೇ ನಿಂತಿದೆ. ತೆಲಂಗಾಣದಲ್ಲಿ ತಿಂಗಳಿಗೆ 20,000ಕ್ಕಿಂತ ಸ್ವಲ್ಪ ಹೆಚ್ಚು ತರುವ ಗುಮಾಸ್ತೆಯೂ ತಿಂಗಳಿಗೆ 200 ಕೊಡುತ್ತಾನೆ, ಎರಡು ಲಕ್ಷ ತರುವ ಸಾಹೇಬರೂ ಅದೇ 200 ಕೊಡುತ್ತಾರೆ. ಮಿತಿಯನ್ನು ಬಡವನ ಕಡೆಯಿಂದ ಹಾಕಿದ್ದರೆ ಗುಮಾಸ್ತೆಗೆ ಕಡಿಮೆಯಾಗಬೇಕಿತ್ತು. ಇಲ್ಲಿ ಸಾಹೇಬರಿಗೆ ಆಯಿತು.

ಪುರಸಭೆಯವರ ಕೈಗೆ ಹಣ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತಿಲ್ಲವೇ ಎಂದು ನೀವು ನಗುತ್ತೀರಿ. ನಗುವುದು ನ್ಯಾಯ. ಚರಂಡಿಯ ಬಿಲ್ಲು ಎರಡು ಸಲ ಪಾಸಾದ ಕಥೆ ಎಲ್ಲ ಊರಲ್ಲಿಯೂ ಉಂಟು. ಆದರೆ ಹಣವೇ ಇಲ್ಲದ ಪುರಸಭೆಯನ್ನು ಲೆಕ್ಕ ಕೇಳುವುದು ಹೇಗೆ? ಅನುದಾನ ಬರಲಿಲ್ಲ ಎಂಬ ಒಂದು ಮಾತಿನಲ್ಲಿ ಅದು ಪಾರಾಗುತ್ತದೆ. ತಾನೇ ವಸೂಲಿ ಮಾಡಿದ ಹಣವಿದ್ದರೆ ಅದಕ್ಕೆ ಆ ನೆಪವಿಲ್ಲ. ಉಳ್ಳವನಿಗೆ ನೀರು ಬಾರದಿದ್ದರೆ ಟ್ಯಾಂಕರ್ ತರಿಸುತ್ತಾನೆ, ಶಾಲೆ ಕೆಟ್ಟರೆ ಕಾನ್ವೆಂಟಿಗೆ ಕಳುಹಿಸುತ್ತಾನೆ. ಊರಿನ ಬೊಕ್ಕಸ ಬರಿದಾದರೆ ಕೊಡ ಹಿಡಿದು ನಿಲ್ಲುವುದು ನಮ್ಮ ಹೆಣ್ಣುಮಕ್ಕಳು.

ಆದುದರಿಂದ ಎಲ್ಲರ ತೆರಿಗೆಗೂ ಒಂದೇ ಕಟ್ಟು ಎಂಬ ಘೋಷಣೆ ಕಿವಿಗೆ ಬಿದ್ದಾಗ ಚಪ್ಪಾಳೆ ತಟ್ಟಬೇಡಿರಿ. ನಮ್ಮ ಬೇಡಿಕೆ ಇಷ್ಟು: ಚಿಕ್ಕ ಮನೆಗೆ ಕೈ ಹಚ್ಚಬಾರದು. ದೊಡ್ಡ ಮನೆ, ಮಳಿಗೆ, ಮದುವೆ ಮಂಟಪಗಳ ಮೇಲೆ ಎಷ್ಟು ಹಾಕಬೇಕೆಂಬುದನ್ನು ಊರು ತಾನೇ ತೀರ್ಮಾನಿಸಲಿ. ಬಾಕಿದಾರರ ಹೆಸರನ್ನು ಪುರಸಭೆಯ ಗೋಡೆಗೆ ಅಂಟಿಸಲಿ.

2020ರ ಜನವರಿಯಲ್ಲಿ ಆರಿಸಿದ ಪುರಸಭೆಗಳ ಅವಧಿ 2025ರ ಜನವರಿಗೆ ಮುಗಿದು, ಆಡಳಿತವು ಅಧಿಕಾರಿಗಳ ಕೈಗೆ ಹೋಯಿತು. ಆಗ ಕೇಳುವುದಕ್ಕೂ ಒಬ್ಬ ಸದಸ್ಯನಿರಲಿಲ್ಲ. ಆದರೆ 2019ರ ಕಾಯಿದೆಯು ವಾರ್ಡಿಗೆ ನಾಲ್ಕು ಸಮಿತಿಗಳನ್ನು ಹೇಳಿದೆ, ಅದರಲ್ಲೊಂದು ಹೆಂಗಸರದು. ಆ ಕಡೆಯಲ್ಲಿ ನೆಂಟರಿರುವ ನಮ್ಮ ಓದುಗರು ಮುಂದಿನ ಸಲ ಊರಿಗೆ ಹೋದಾಗ, ತಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಗೆ ಕೂಡಿದ್ದು ಯಾವಾಗ ಎಂದು ವಿಚಾರಿಸಿ ನಮಗೆ ಒಂದು ಕಾಗದ ಬರೆಯಿರಿ.